ಮಾಲಿನಿಯ ಸೊನ್ನೆ

ಬಟ್ಟಿ ಇಳಿಸಿದ ನೀರಿಗಿಂತ ಶುದ್ಧವಾದ ನೀರಿಲ್ಲ ಎಂದು ಶಾಲೆಯಲ್ಲಿ ಕಲಿಸುತ್ತಾರೆ. 1999ರ ಜನವರಿಯ ಒಂದು ಬೆಳಿಗ್ಗೆ ಕುಮಟೆಯಲ್ಲಿ ಅದೇ ನೀರು, ಧಾರವಾಡದಿಂದ ಬಂದ ದೊಡ್ಡ ಸಾಹೇಬರ ಕಣ್ಣೆದುರಿಗೇ, ಗದ್ದೆ ಕೆಸರಿನ ಹತ್ತಿರದ ನೆಂಟ ಎಂದು ತೀರ್ಮಾನವಾಯಿತು.

ತೀರ್ಮಾನ ಕೊಟ್ಟದ್ದು ಒಂದು ಮೀಟರು. ನೀರು ಎಷ್ಟು ಕದಡಿದೆ ಎಂದು ಹೇಳುವ ಯಂತ್ರ. ಟಿಫಿನ್ ಕ್ಯಾರಿಯರ್‌ಗಿಂತ ಚೂರು ದಪ್ಪ. ಒಳಗೊಂದು ದೀಪ, ದೀಪದ ಪಕ್ಕಕ್ಕೆ ಒಂದು ಕಣ್ಣು. ಬೆರಳುದ್ದದ ಗಾಜಿನ ಬಾಟಲಿಯಲ್ಲಿ ನೀರು ತುಂಬಿಟ್ಟರೆ, ನೀರಲ್ಲಿರುವ ಕಸಕ್ಕೆ ತಾಗಿ ಬೆಳಕು ಎಷ್ಟು ಚೆದುರಿತು ಎಂದು ಆ ಕಣ್ಣು ನೋಡಿ ಅಂಕಿ ತೋರಿಸುತ್ತದೆ. ತೊಂದರೆ ಏನೆಂದರೆ, ಬಾಟಲಿಯ ಗಾಜಿನ ಮೇಲೆ ಗೀರು ಬಿದ್ದಿದ್ದರೆ ಅದೂ ಬೆಳಕನ್ನು ಚೆದುರಿಸುತ್ತದೆ. ಅದಕ್ಕೇ ಹೊರಮೈಗೆ ಒಂದು ಹನಿ ಸಿಲಿಕೋನ್ ಎಣ್ಣೆ ಸವರಬೇಕು, ಗೀರು ಮುಚ್ಚಿಹೋಗುತ್ತದೆ. ಮೀಟರಿನ ಜೊತೆ ಬಂದ ಎಣ್ಣೆ ಮುಗಿದು, ಹೊಸದು ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುವಷ್ಟರಲ್ಲಿ ಗಣಪತಿ ಹಬ್ಬ ಬಂದು ಹೋಗಿತ್ತು. ಪ್ರಯೋಗಾಲಯದ ಸಹಾಯಕಿ ಮಾಲಿನಿ ಆಗ ಮಾಡಿದ್ದು ಈ ಕರಾವಳಿಯ ಯಾವ ಹೆಂಗಸಾದರೂ ಮಾಡುವಂಥದ್ದೇ. ಬಾಗಿಲು ಕಿರುಗುಟ್ಟಿದರೆ ತೆಂಗಿನೆಣ್ಣೆ, ಕೂಸಿಗೆ ಹೊಟ್ಟೆನೋವಾದರೆ ತೆಂಗಿನೆಣ್ಣೆ, ಅಂದ ಮೇಲೆ ಮೀಟರಿಗೆ ಯಾಕಲ್ಲ? ಚೀಲದಿಂದ ತನ್ನ ತಲೆಯೆಣ್ಣೆಯ ಬಾಟಲಿ ತೆಗೆದು ಹಚ್ಚಿದಳು. ಉಳಿದ ಮಳೆಗಾಲವಿಡೀ ಮೀಟರು ಒಂದೂ ತಕರಾರು ಮಾಡಲಿಲ್ಲ.

ಆದರೆ ಜನವರಿಯ ಚಳಿಗೆ ತೆಂಗಿನೆಣ್ಣೆ ಏನಾಗುತ್ತದೆ ಎಂಬುದು ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳಲು ಹೊರಟ ಎಲ್ಲರಿಗೂ ಗೊತ್ತು. ಬಾಟಲಿಯ ಸುತ್ತ ಎಣ್ಣೆ ತೆಳ್ಳಗೆ ಹೆಪ್ಪುಗಟ್ಟಿ ಬಿಳಿಯ ಪೊರೆಯಾಗಿತ್ತು. ಮೀಟರು ಅದನ್ನೂ ಪ್ರಾಮಾಣಿಕವಾಗಿ ಅಳೆಯಿತು.

"ಇದೇನವಾ ಇದು? ಡಿಸ್ಟಿಲ್ಡ್ ವಾಟರ್ ಹಿಂಗ ತೋರಸ್ತೈತಿ?" ಎಂದರು ಸಾಹೇಬರು.

ಅಷ್ಟರಲ್ಲಿ ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿತ್ತು. ಎಣ್ಣೆ ಕರಗಿತು. ಯಾರೂ ಮುಟ್ಟದೆ ಮೀಟರಿನ ಅಂಕಿ ತಾನಾಗಿ ಇಳಿಯತೊಡಗಿತು. ಪಕ್ಕದಲ್ಲಿದ್ದ ಸಹಾಯಕ ಇಂಜಿನಿಯರ್ ಗುರುದತ್ತ, "ಸೋಲಾರ್ ಮೀಟರು ಸಾರ್, ಸೂರ್ಯ ಬಂದ್ರೆ ನೀರು ಶುದ್ಧ ಆಗ್ತದೆ" ಎಂದರು. ಸಾಹೇಬರು ಬಾಟಲಿ ಎತ್ತಿದರು, ಅದು ಬೆರಳಿನಿಂದ ಜಾರಿತು, ಹಿಡಿದುಕೊಂಡು ಮೂಸಿದರು. "ಕೊಬ್ರಿ ಎಣ್ಣಿ!"

ನಗು ಎದ್ದಿತು. ನಮ್ಮ ಬಾವಿಯ ನೀರನ್ನು ಪರೀಕ್ಷೆಗೆಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು ಬೆಂಚಿನ ಮೇಲೆ ಕುಳಿತಿದ್ದ ನಾನೂ ನಕ್ಕೆ. ಮಾಲಿನಿ ಮಾತ್ರ ತಲೆ ತಗ್ಗಿಸಲಿಲ್ಲ.

"ನಗಿ ಸಾಯ್ಬ್ರೆ. ಎಣ್ಣೆ ಕಳ್ಸಿ ಎಣ್ಣೆ ಕಳ್ಸಿ ಅಂತ ಕೇಳಿ ನನ್ನ ಗಂಟ್ಲು ಹೋತು. ಕಡೆಗೆ ನನ್ನ ತಲೆದು ತಂದು ನಿಮ್ಮ ಮೀಟರಿಗೆ ಹಚ್ದೆ. ನೀವು ನಿಮ್ಮ ತಲೆದು ಎಂತ ಕೊಟ್ರಿ?"

ಸಾಹೇಬರ ತಲೆಯಲ್ಲಿ ಕೊಡುವುದಕ್ಕೆ ಕೂದಲೂ ಉಳಿದಿರಲಿಲ್ಲ. ಅವಳು ಎಲ್ಲರೆದುರು ಬಾಟಲಿಯನ್ನು ಸೋಪು ಹಾಕಿ ತೊಳೆದು, ಒರೆಸಿ, ಮತ್ತೆ ಇಟ್ಟು, ಸರಿಯಾದ ಅಂಕಿ ತೋರಿಸಿಯೇ ಸುಮ್ಮನಾದಳು. ಸರ್ಕಾರಕ್ಕೆ ಬೆಣ್ಣೆ ಹಚ್ಚುವವರನ್ನು ನಾನು ಬಹಳ ನೋಡಿದ್ದೇನೆ. ಎಣ್ಣೆ ಹಚ್ಚಿದವಳು ಇವಳೊಬ್ಬಳೇ.

ಹಾಗೆ ನಮ್ಮ ಪರಿಚಯ. ಕೈಚೀಲ ಹಿಡಿದ ಹೆಂಗಸರೆಲ್ಲ ಅವಳಿಗೆ ಶಾಲೆ ಕಲಿಸುವ ಅಕ್ಕೋರು, ಹಾಗಾಗಿ ನಾನೂ ಅಕ್ಕೋರು. ಅವಳ ಊರು ಹೊನ್ನಾವರದಾಚೆಯ ಮಂಕಿ. ಗಂಡ ದೇವಪ್ಪ ಅಲ್ಲಿಯೇ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ದಿನವಿಡೀ ಗರಗಸದ ಸದ್ದು ಕೇಳಿ ಸ್ವಲ್ಪ ಕಿವಿ ಮಂದ, ಅದರಿಂದ ಸಂಸಾರ ಸುಗಮ. ಅವಳದು ದಿನಗೂಲಿ ನೌಕರಿ. ಪ್ರಯೋಗಾಲಯಕ್ಕೆ ಒಬ್ಬ ಕೆಮಿಸ್ಟ್ ಇರಬೇಕಿತ್ತು, ಇರಲಿಲ್ಲ. ಹುಬ್ಬಳ್ಳಿಯ ತರಬೇತಿಗೆ ಕಳಿಸಲು ಬೇರೆ ಯಾರೂ ಸಿಗದೆ ಇವಳನ್ನು ಕಳಿಸಿದರು. ಮಾಲಿನ್ಯ ಅಳೆಯಲು ಮಾಲಿನಿ ಎಂದು ನಾನು ಒಮ್ಮೆ ಅಂದೆ. "ಆ ಜೋಕು ಆಫೀಸಲ್ಲಿ ಎಲ್ಲರೂ ಮಾಡಿ ಆತು ಅಕ್ಕೋರೆ, ಬೇರೆ ಎಂತದಾದ್ರೂ ಇದ್ರೆ ಹೇಳಿ" ಎಂದಳು. ನನ್ನಂಥ ಪದಜೀವಿಯ ಹೊಟ್ಟೆಯ ಮೇಲೆ ಹೊಡೆಯುವುದೆಂದರೆ ಇದು.

ಮೀಟರಿಗೆ ಪಾಠ ಹೇಳುವುದು ಅವಳ ಮುಖ್ಯ ಕೆಲಸ. ಆಫೀಸಿನವರು ಅದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಯಂತ್ರದ ಕಣ್ಣು ದಿನ ಕಳೆದಂತೆ ಮಂಜಾಗುತ್ತದೆ, ದೀಪ ಹಳತಾಗುತ್ತದೆ, ಆದ್ದರಿಂದ ಯಾವುದು ತಿಳಿ, ಯಾವುದು ರಾಡಿ ಎಂದು ಅದಕ್ಕೆ ಆಗಾಗ ಹೊಸದಾಗಿ ತೋರಿಸಿಕೊಡಬೇಕು. ಇದಕ್ಕೆ ನಾಲ್ಕು ಬಾಟಲಿ. ಮೊದಲನೆಯದು ಸೊನ್ನೆ: ಬರೀ ತಿಳಿನೀರು. ಉಳಿದ ಮೂರರಲ್ಲಿ ಅಳತೆ ಮಾಡಿ ಕದಡಿದ ಬಿಳಿಯ ದ್ರಾವಣ. ಒಂದು ಮಜ್ಜಿಗೆ ಲೋಟ ತೊಳೆದ ನೀರಿನ ಹಾಗೆ, ಒಂದು ನೀರುಮಜ್ಜಿಗೆಯ ಹಾಗೆ, ಕೊನೆಯದು ಮದುವೆಮನೆಯ ಮೊದಲ ಪಂಕ್ತಿಯ ಮಜ್ಜಿಗೆಯ ಹಾಗೆ. ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಏಳುತ್ತದೆ. ಮೆಲ್ಲಗೆ ತಲೆಕೆಳಗು ಮಾಡಿ, ಒರೆಸಿ, ಒಂದೊಂದಾಗಿ ಇಟ್ಟು ಗುಂಡಿ ಒತ್ತಬೇಕು. ನಾಲ್ಕನ್ನೂ ತೋರಿಸಿ ಮುಗಿಸಿದರೆ ಮಾತ್ರ ಮೀಟರು ಹೊಸ ಪಾಠ ಒಪ್ಪುತ್ತದೆ. ಅರ್ಧಕ್ಕೆ ಬಿಟ್ಟರೆ ಹಳೆಯ ಪಾಠವನ್ನೇ ಹಿಡಿದು ಕೂರುತ್ತದೆ, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಂತೆ.

"ಸೊನ್ನೆ ಸರಿ ಇರ್ಬೇಕು ಅಕ್ಕೋರೆ" ಎನ್ನುತ್ತಿದ್ದಳು. "ಅದು ತಪ್ಪಿದ್ರೆ ಮೇಲಿನದ್ದೆಲ್ಲ ಹಾಳು."

ಗಣಿತದ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ಮಾತ್ರ ಸೊನ್ನೆಯ ಪರಿಚಯವಿದ್ದ ನನಗೆ, ಅದನ್ನು ಇಷ್ಟು ಗೌರವದಿಂದ ನೋಡಿಕೊಳ್ಳುವವಳು ಹೊಸಬಳು.

2003ರ ಮಳೆಗಾಲದಲ್ಲಿ ಆ ಸೊನ್ನೆಗೇ ಸಂಚಕಾರ ಬಂತು.

ಕುಮಟೆಗೂ ಹೊನ್ನಾವರಕ್ಕೂ ನಡುವೆ ಒಂದು ಊರು. ಹೆಸರು ಬೇಡ, ಹೇಳಿದರೆ ಇನ್ನೊಂದು ಜಗಳವಾಗುತ್ತದೆ. ಅಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಅಂಚಿನ ಕೇರಿಯೊಂದರ ಬಾವಿಗಳಿಗೆ ಬೇಸಗೆ ಬಂತೆಂದರೆ ಹಿನ್ನೀರಿನ ಉಪ್ಪು ಏರುತ್ತದೆ. ಹೆಂಗಸರು ಹೆದ್ದಾರಿ ದಾಟಿ ಆಚೆ ಗುಡ್ಡದ ಬುಡದಿಂದ ನೀರು ಹೊರಬೇಕು. ಇವರಿಗಾಗಿ ನೀರಿನ ಯೋಜನೆ ಮಂಜೂರಾಯಿತು. ಮೇಲಿನ ಹೊಳೆಯಿಂದ ಪಂಪು, ಮರಳಿನಲ್ಲಿ ಸೋಸುವ ಫಿಲ್ಟರ್ ಮನೆ, ಟಾಂಕಿ, ಕೇರಿಗೆ ನಲ್ಲಿ. ಗುತ್ತಿಗೆದಾರ ಕೃಷ್ಣಾನಂದರು ಯಾವಾಗಲೂ ಬಿಳಿ ಶರ್ಟು, ಬಿಳಿ ಪ್ಯಾಂಟು. ಅವರ ಕೆಲಸದಲ್ಲಿ ಬಿಳಿಯಾಗಿದ್ದದ್ದು ಅಷ್ಟೇ. ಯೋಜನೆಯನ್ನು ಊರಿಗೆ ಒಪ್ಪಿಸಿಬಿಟ್ಟರೆ ಅವರ ಜವಾಬ್ದಾರಿ ಮುಗಿಯಿತು. ಆಮೇಲೆ ನಲ್ಲಿಯಲ್ಲಿ ಕಪ್ಪೆ ಬಂದರೂ ಊರಿನವರದೇ ಪಾಡು. ಒಪ್ಪಿಸುವ ದಿನ ಹಣ ಕೊಟ್ಟ ಸಂಸ್ಥೆಯಿಂದ ಒಬ್ಬ ಮೇಡಂ ಬೆಂಗಳೂರಿನಿಂದ ಬರುವವರಿದ್ದರು. ಬಾಯಿಮಾತು ಅವರಿಗೆ ಸಾಲದು, ಮೀಟರಿನ ಅಂಕಿಯನ್ನು ಕಣ್ಣಾರೆ ನೋಡುತ್ತಾರಂತೆ. ಅಂಕಿ ಐದರೊಳಗಿರಬೇಕು.

ಹಿಂದಿನ ದಿನ ಗುರುದತ್ತರ ಜೀಪಿನಲ್ಲಿ ಮಾಲಿನಿ ಮೀಟರಿನೊಂದಿಗೆ ಹೋದಳು. ಕೇರಿಯ ನಲ್ಲಿಯ ಹತ್ತಿರ ದುರ್ಗಿ ಎಂಬ ಹೆಂಗಸು ಕೊಡ ಹಿಡಿದು ನಿಂತಿದ್ದಳು. ಕುತ್ತಿಗೆ ತುಂಬ ಮಣಿಸರ, ಬಾಯಿ ತುಂಬ ಎಲೆಯಡಿಕೆಯ ಕವಳ.

"ಎಂತಕೆ ಬಂದ್ಯೆ ತಂಗಿ?"

"ನೀರು ಅಳೂಕೆ."

"ಅಳೂಕೆ ಮೀಟರು ಬೇಕಾ? ನಾವು ವರ್ಷಗಟ್ಲೆ ಹಂಗೇ ಅಳ್ತಾ ಇದ್ದೋ."

ಮಾಲಿನಿ ಬಾಟಲಿ ತುಂಬಿ ಮೀಟರಿನಲ್ಲಿಟ್ಟಳು. ನೀರು ಚಹಾದ ಬಣ್ಣಕ್ಕಿತ್ತು. "ಹದಿನೆಂಟು ಎನ್‌ಟಿಯು."

"ಎಂತದು?"

"ಎನ್‌ಟಿಯು."

"ಅದನ್ನೇ ಕೇಳ್ದೆ, ಎಂತದು?"

"ಕೆಸರು ಅಂದ್ಕಳೆ. ಐದರೊಳಗೆ ಬೇಕು, ಹದಿನೆಂಟಿದೆ."

"ಅದು ಹೇಳೂಕೆ ಕುಮಟೆಯಿಂದ ಬಂದ್ಯಾ? ನನ್ನ ಸೀರೆ ಕೇಳಿದ್ರೆ ಅದೇ ಹೇಳ್ತಿತ್ತು." ದುರ್ಗಿ ಕವಳ ಉಗುಳಿದಳು. "ಸೋಸೂಕೆ ಮರಳೆಲ್ಲಿದೆ? ಲಾರಿ ತುಂಬ ಬಂತು, ಇಳ್ಸಿದ್ರು, ಪಟ ತೆಗ್ದ್ರು. ಮರಳು ಮತ್ತೆ ಲಾರಿ ಹತ್ತಿ ಹೋತು. ತಳಕ್ಕೊಂದು ಗೇಣು ಬಿಟ್ಟಿದ್ರು, ಕಣ್ಣಿಗೆ ಕಾಣೂಕೆ. ಹೋಗ್ಲಿ ಬಿಡು, ನಾಳೆ ಆ ದೊಡ್ಡಮ್ಮ ಬಂದಾಗ ನೀನೂ ಸೊನ್ನೆ ಅಂದು ಹೋಗ್ತೆ. ಪಗಾರ ತಕಂಬೋರೆಲ್ಲ ಒಂದೇ ಗೂಡಿನ ಕೋಳಿ."

"ನನ್ನ ಪಗಾರ ನೋಡಿದ್ರೆ ನೀ ಹೀಂಗೆ ಹೇಳ್ತಿರ್ಲಿಲ್ಲ" ಎಂದಳು ಮಾಲಿನಿ. ಆದರೆ ಮಾತು ನಾಟಿತ್ತು. ನನಗೆ ಈ ಕತೆ ಹೇಳುವಾಗಲೆಲ್ಲ ಕೋಳಿಯ ಹತ್ತಿರ ಬಂದಾಗ ಅವಳ ದನಿ ಏರುತ್ತದೆ.

ಫಿಲ್ಟರ್ ಮನೆಯ ಕೋಣೆಯಲ್ಲಿ ಗುರುದತ್ತರೂ ಕೃಷ್ಣಾನಂದರೂ ಕಾಯುತ್ತಿದ್ದರು.

"ಮಾಲಿನಿ, ಮೀಟರು ಕ್ಯಾಲಿಬ್ರೇಟ್ ಮಾಡು" ಎಂದರು ಗುರುದತ್ತ.

"ಬೆಳಿಗ್ಗೆಯೇ ಮಾಡ್ದೆ ಸಾರ್."

"ಇನ್ನೊಂದು ಸಲ ಮಾಡು. ಸೊನ್ನೆ ಬಾಟ್ಲಿ ಜಾಗಕ್ಕೆ ಈ ನಲ್ಲಿ ನೀರಿಡು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಈ ರಾಡಿಯನ್ನೇ ತೋರಿಸಿ 'ಇದು ಸೊನ್ನೆ' ಎಂದು ಮೀಟರಿಗೆ ಕಲಿಸಿದರೆ, ನಾಳೆ ಮೇಡಂ ಎದುರು ಅದು ಇದೇ ನೀರನ್ನು ಸೊನ್ನೆ ಎಂದು ಒಪ್ಪಿಸುತ್ತದೆ. ನೀರನ್ನು ಸೋಸುವುದು ಕಷ್ಟವಾದಾಗ ಸೊನ್ನೆಯನ್ನೇ ಸೋಸಿಬಿಡುವ ಉಪಾಯ. ಇಷ್ಟು ಬುದ್ಧಿ ಮರಳಿನ ವಿಷಯದಲ್ಲಿ ಖರ್ಚಾಗಿದ್ದರೆ ಊರಿಗೆ ಒಳ್ಳೆಯ ನೀರು ಸಿಗುತ್ತಿತ್ತು.

"ಆಗೂದಿಲ್ಲ ಸಾರ್."

"ನಂಗೂ ಮೇಲಿಂದ ಒತ್ತಡ ಇದೆ ಮಾಲಿನಿ."

"ಮೇಲಿಂದ ಒತ್ತಡ ಬಂದ್ರೆ ನಲ್ಲೀಲಿ ನೀರಾದ್ರೂ ಬರ್ತದೆ. ನಿಮ್ಮಲ್ಲಿ ಬರೂದು ಇದಾ?"

ಕೃಷ್ಣಾನಂದರು ಬೆಲ್ಲದ ದನಿ ತೆಗೆದರು. "ತಂಗೀ, ನಿನ್ನ ಕಾಯಂ ಆಗೂ ಫೈಲು ಸಾಹೇಬ್ರ ಮೇಜಿನ ಮೇಲೇ ಇದ್ಯಂತಲ್ಲ."

"ಇರ್ಲಿ ಬಿಡಿ. ಮೇಜಿಗೆ ಧೂಳು ಹಿಡೂದಿಲ್ಲ."

"ಎಂತಾ ಸೊಕ್ಕು ಮಾರಾಯ್ತಿ ನಿಂಗೆ! ಅಷ್ಟಕ್ಕೂ ನಿನ್ನ ಮೀಟರಿನ ಮಾತು ನಂಬೂದು ಯಾರು? ಕೊಬ್ರಿ ಎಣ್ಣೆ ಮೀಟರು ಅಂತ ಜಿಲ್ಲೆಗೇ ಗೊತ್ತು."

ಗುರುದತ್ತರು ನಗಲು ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿಕೊಂಡರು.

"ಹೌದು, ಎಣ್ಣೆ ಹಚ್ಚಿದ್ದು ನಾನೇ" ಎಂದಳು ಮಾಲಿನಿ. "ತಪ್ಪು ನಂದು, ಮೀಟರಿಂದಲ್ಲ. ಕಂಡಕೂಡ್ಲೆ ಎಲ್ಲರೆದುರು ಸೋಪು ಹಾಕಿ ಒರ್ಸಿದೆ. ಈಗ ನೀವು ಬೇಕಂತಲೇ ಮಾಡು ಅಂತ್ರಿ. ಇದನ್ನ ಯಾವ ಸೋಪಲ್ಲಿ ಒರ್ಸೂದು?"

ಮಾತು ಮುಗಿಸಿ ಮೂರು ಬಿಳಿ ಬಾಟಲಿಗಳ ಡಬ್ಬಿಯನ್ನು ಊಟದ ಚೀಲಕ್ಕೆ ಹಾಕಿಕೊಂಡಳು. ಸೊನ್ನೆ ಬಾಟಲಿಯನ್ನು ಮೇಜಿನ ಮೇಲೆ ಗುರುದತ್ತರ ಮುಂದಿಟ್ಟಳು. "ಇದು ನಿಮ್ಮ ಹತ್ರ ಇರ್ಲಿ ಸಾರ್. ಇಂಥದ್ದೊಂದು ಇರ್ತದೆ ಅಂತ ನೆನಪಿಗೆ."

ಬಿಳಿ ಬಾಟಲಿಗಳಿಲ್ಲದೆ ಮೀಟರಿಗೆ ಹೊಸ ಪಾಠ ಹೇಳುವಂತಿಲ್ಲ. ಬೆಳಿಗ್ಗೆ ಕಲಿತ ನಿಜವನ್ನೇ ಅದು ಹೇಳುತ್ತಿರುತ್ತದೆ. ಅವಳು ಕೊಡೆ ಬಿಡಿಸಿ ಹೆದ್ದಾರಿಯವರೆಗೆ ನಡೆದು ಭಟ್ಕಳದ ಬಸ್ಸು ಹಿಡಿದಳು. ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. "ಎಂತ ಅಮ್ಮಾ ಅಷ್ಟು ಜೋಪಾನ?" ಎಂದ ಕಂಡಕ್ಟರ್. ಅವಳು ಸಿಟ್ಟಿನಲ್ಲಿ "ಬಾಟ್ಲಿ" ಎಂದಳು. ಮರುದಿನ ಬೆಳಗಾಗುವಷ್ಟರಲ್ಲಿ, ಇಂಜಿನಿಯರ್ ಸಾಹೇಬರ ಬಾಟ್ಲಿಯನ್ನು ಹೆಂಗಸೊಬ್ಬಳು ಹೊತ್ತೊಯ್ದಳಂತೆ ಎಂಬ ಸುದ್ದಿ ಹೊನ್ನಾವರದ ಚಹಾ ಹೋಟೆಲುಗಳಲ್ಲಿ ಅವಲಕ್ಕಿಯ ಜೊತೆ ಬಡಿಸಲ್ಪಟ್ಟಿತ್ತು. ಗುರುದತ್ತರು ಹುಟ್ಟಿದಾರಭ್ಯ ಸೋಡಾ ಬಿಟ್ಟು ಬೇರೇನೂ ಕುಡಿದವರಲ್ಲ. ಪಾಪ.

ಬೆಳಿಗ್ಗೆ ಜೀಪು ಮಂಕಿಗೆ ಬಂತು.

"ಬಾಟ್ಲಿ ಕೊಡು ಮಾಲಿನಿ. ಅದು ಸರ್ಕಾರದ್ದು" ಎಂದರು ಗುರುದತ್ತ, ಅಂಗಳದಲ್ಲೇ ನಿಂತು.

"ಹೌದು, ಸರ್ಕಾರದ್ದೇ. ಅದಕ್ಕೇ ನಿಮ್ಮ ಕೈಗೆ ಕೊಡೂದಿಲ್ಲ. ನಾನೇ ಬರ್ತೆ, ಆ ಮೇಡಂ ಎದುರೇ ನಾಲ್ಕೂ ಬಾಟ್ಲಿ ಇಟ್ಟು ತೋರಿಸ್ತೆ. ಆಗೂದಾದ್ರೆ ಹೇಳಿ."

ದೇವಪ್ಪ ಬಾಗಿಲಿಗೆ ಬಂದ. ಅವತ್ತು ಅವನಿಗೆ ಎಲ್ಲ ಸರಿಯಾಗಿ ಕೇಳಿಸಿತ್ತು. "ಕೊಟ್ಟುಬಿಡೇ. ಕೆಲ್ಸ ಹೋದ್ರೆ ಎಂತ ಮಾಡ್ತೆ?"

"ಮನೇಲೇ ಇರ್ತೆ. ಬೆಳಗಾದ್ರೆ ನಿಮ್ಮ ಸಂಗಡ ಜಗಳಾಡ್ತೆ."

ದೇವಪ್ಪ ಒಂದು ಗಳಿಗೆ ಯೋಚಿಸಿದ. ಒಳಗೆ ಹೋಗಿ ಅವಳ ಕೊಡೆ ತಂದುಕೊಟ್ಟ. "ಕರ್ಕೊಂಡು ಹೋಗಿ ಸಾಯ್ಬ್ರೆ" ಎಂದ.

ಮೇಡಂ ಆಗಲೇ ಕಾರು ಹೊರಟಾಗಿದೆ ಎಂದು ಫೋನು ಮಾಡಿದ್ದರು. ಬಾಟಲಿಗಳಿಲ್ಲದ ಮೀಟರನ್ನು ಅವರ ಮುಂದಿಡುವಂತಿರಲಿಲ್ಲ, ಗುರುದತ್ತರಿಗೆ ಬೇರೆ ದಾರಿ ಉಳಿದಿರಲಿಲ್ಲ. ಶರಾವತಿ ಸೇತುವೆಯ ಮೇಲೆ ಅವರು, "ಹೊಳೆ ಕೆಂಪಾಗಿದೆ ಅಲ್ವಾ" ಎಂದರು. "ನಾಚ್ಕೆಗೆ" ಎಂದಳು ಅವಳು.

ಫಿಲ್ಟರ್ ಮನೆಯ ಮುಂದೆ ಚಪ್ಪರ, ಕುರ್ಚಿ, ಹಾರ. ಹಿಂದೆ ಕೇರಿಯ ಹೆಂಗಸರು, ಅವರ ಮುಂದೆ ದುರ್ಗಿ. ಮೇಡಂ ಕನ್ನಡಕ ಏರಿಸಿ ಮೀಟರಿನ ಮೇಲೆ ಬಾಗಿದರು. ಮಾಲಿನಿ ಸೊನ್ನೆ ಬಾಟಲಿ ಇಟ್ಟು ಗುಂಡಿ ಒತ್ತಿದಳು. ಆಮೇಲೆ ಲೋಟ ತೊಳೆದ ನೀರು, ನೀರುಮಜ್ಜಿಗೆ, ಗಟ್ಟಿಮಜ್ಜಿಗೆ. ಪ್ರತಿಯೊಂದನ್ನೂ ಮೆಲ್ಲಗೆ ತಿರುವಿ, ಒರೆಸಿ, ಇಟ್ಟು. ಕೆಲಸ ನಿಧಾನದ್ದು. ಚಪ್ಪರದ ಮೇಲೆ ಮಳೆ ಬೀಳುತ್ತಲೇ ಇತ್ತು. ಕೊನೆಗೆ ನಲ್ಲಿಯ ನೀರಿನ ಬಾಟಲಿ ಎತ್ತಿದಾಗ ಕೃಷ್ಣಾನಂದರು ಕೆಮ್ಮಿದರು.

"ಮೇಡಂ, ಒಂದು ಮಾತು. ಈ ಮೀಟರಿಗೆ ಮೊದ್ಲಿಂದ ಎಣ್ಣೆ ಹಚ್ಚೂ ಚಾಳಿ..."

ಮಾಲಿನಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಡಂ ಮೂಗಿನ ಹತ್ತಿರ ಹಿಡಿದಳು. "ಮೂಸಿ ನೋಡಿ ಮೇಡಂ. ಬಾಟ್ಲಿಯನ್ನೂ ಮೂಸಿ. ನನ್ನ ತಲೆ ಬೇಕಾದ್ರೆ ಅದನ್ನೂ ಮೂಸಿ, ಎಣ್ಣೆ ಅಲ್ಲಿದೆ."

ಮೇಡಂ ಬಟ್ಟೆಯನ್ನು ಮೂಸಿದರು; ತಲೆಯ ತನಕ ಹೋಗಲಿಲ್ಲ. ಮೀಟರು ಅಂಕಿ ತೋರಿಸಿತು. ಹಿಂದಿನ ದಿನದ ಹದಿನೆಂಟು ಆ ಮಳೆಗೆ ಇಪ್ಪತ್ತಮೂರಾಗಿತ್ತು.

"ಇದು ಫಿಲ್ಟರ್ ಆಗಿ ಬಂದ ನೀರಾ?"

ಗುರುದತ್ತರು ಚಪ್ಪರದ ತೋರಣ ನೋಡಿದರು. ಮಾಲಿನಿ ಹೇಳಿದಳು: "ಫಿಲ್ಟರಿದೆ ಮೇಡಂ. ಮರಳು ಮಾತ್ರ ಲಾರೀಲಿ ತಿರ್ಗಾಟಕ್ಕೆ ಹೋಗಿದೆ."

"ಕೋಲು ಹಾಕಿ ನೋಡಿ ಅಮ್ಮಾ!" ಎಂದು ಹಿಂದಿನಿಂದ ದುರ್ಗಿ ಕೂಗಿದಳು. ಕೂಗಿದ್ದಷ್ಟೇ ಅಲ್ಲ, ಕೋಲು ಹಿಡಿದು ಮುಂದೆ ಬಂದಳು. ಫಿಲ್ಟರಿನ ಮರಳಿನಲ್ಲಿ ಗೇಣುದ್ದ ಇಳಿದ ಕೋಲು ಕಾಂಕ್ರೀಟಿಗೆ ಬಡಿದು ಟಕ್ ಎಂದಿತು. ಅವಳು ಸುಮ್ಮನಾಗದೆ ನಾಲ್ಕು ಮೂಲೆಗೂ ಹೋಗಿ ಟಕ್, ಟಕ್ ಎಂದು ಬಡಿದು ತೋರಿಸಿದಳು. ಹಾರಗಳು ಬುಟ್ಟಿಯಲ್ಲೇ ಉಳಿದವು. ಆ ಸಂಜೆ ಕೇರಿಯ ಹುಡುಗಿಯರೆಲ್ಲ ಅದನ್ನೇ ಮುಡಿದಿದ್ದರಂತೆ.

ಒಪ್ಪಿಸುವುದು ನಿಂತಿತು. ದಸರೆಯ ಹೊತ್ತಿಗೆ ಮರಳು ಬಂತು. ಈ ಸಲ ಕೇರಿಯ ಹೆಂಗಸರು ಸರದಿಯಲ್ಲಿ ಫಿಲ್ಟರ್ ಮನೆಯ ಕಟ್ಟೆಯ ಮೇಲೆ ಕವಳ ಹಾಕುತ್ತ ಕುಳಿತಿದ್ದರು, ಲಾರಿಗಳು ಖಾಲಿಯಾಗಿಯೇ ಹಿಂದಿರುಗಿದವು.

ಮಾಲಿನಿಗೆ ಮಾತ್ರ ನಾಳೆಯಿಂದ ಬರುವುದು ಬೇಡ ಎಂದರು. ಅವಳ ಜಾಗಕ್ಕೆ ಬಂದ ಡಿಗ್ರಿ ಹುಡುಗನಿಗೆ ಬಸ್ಸು ಹತ್ತಿದರೆ ವಾಂತಿ. ಹಳ್ಳಿಯ ನೀರು ಪ್ರಯೋಗಾಲಯಕ್ಕೆ ಬರಲಿಲ್ಲ, ಪ್ರಯೋಗಾಲಯ ಹಳ್ಳಿಗೆ ಹೋಗಲಿಲ್ಲ. ಕಡೆಗೆ ಗುರುದತ್ತರೇ ಮತ್ತೆ ಮಂಕಿಯ ಅಂಗಳಕ್ಕೆ ಬಂದು, "ಬಾ ಮಾರಾಯ್ತಿ" ಎಂದರು. ದೇವಪ್ಪ ಆಗಲೇ ಕೊಡೆ ಹಿಡಿದು ನಿಂತಿದ್ದ.

"ಸಿಲಿಕೋನ್ ಎಣ್ಣೆ ಬಂತಾ?" ಎಂದಳು ಮಾಲಿನಿ.

"ಬರ್ತದೆ."

"ಬಂದ ಮೇಲೆ ಹೇಳಿ ಕಳ್ಸಿ. ಬರ್ತೆ."

ಕೆಲಸ ಕೇಳಿಕೊಂಡು ಕೈಕಟ್ಟಿ ನಿಲ್ಲಬೇಕಾದವಳು ಷರತ್ತು ಹಾಕಿ 'ಕುಳಿತಳು'. ಎಣ್ಣೆ ಬಂತು. ಒಂದಲ್ಲ, ಒಂದು ಡಜನ್ ಬಾಟಲಿ. ಇಲಾಖೆ ಕೊಡುವುದೇ ಇಲ್ಲ, ಕೊಟ್ಟರೆ ನಿಲ್ಲಿಸುವುದಿಲ್ಲ. ಅವಳ ಕಾಯಂ ಫೈಲು ಈಗಲೂ ಮೇಜನ್ನು ಧೂಳಿನಿಂದ ಕಾಪಾಡುತ್ತಿದೆ.

2006ರ ಬೇಸಗೆಯಲ್ಲಿ ಅವಳ ಜೊತೆ ನಾನೂ ಆ ಕೇರಿಗೆ ಹೋಗಿದ್ದೆ. ನಲ್ಲಿಯ ನೀರು ಹಿಡಿದು ಮೀಟರಿನಲ್ಲಿಟ್ಟಳು. ಅಂಕಿ ಒಂದನ್ನೂ ಮುಟ್ಟಲಿಲ್ಲ. ದುರ್ಗಿ ಅಂಗಳದಲ್ಲಿ ಚಾಪೆ ಹಾಸಿ, ಉಜ್ಜಿ ಬೆಳಗಿದ ಎರಡು ಹಿತ್ತಾಳೆ ಲೋಟಗಳಲ್ಲಿ ಅದೇ ನೀರು ತಂದಳು. ಪಕ್ಕಕ್ಕೆ ಒಂದೊಂದು ಚೂರು ಬೆಲ್ಲ. ಸೆರಗಿನ ತುದಿಯಲ್ಲಿ ಕೈ ಒರೆಸುತ್ತ, ಮಾಲಿನಿಯ ಬಾಯನ್ನೇ ನೋಡುತ್ತ ಕುಳಿತಳು. ಬೇಲಿಯಾಚೆ ಇನ್ನೂ ನಾಲ್ಕಾರು ಹೆಂಗಸರು. ಇಷ್ಟು ವರ್ಷ ನೀರು ಅಳೆಯುತ್ತಿದ್ದವಳು ಇಲ್ಲಿಯ ನೀರು ಕುಡಿದದ್ದು ಯಾರೂ ನೋಡಿರಲಿಲ್ಲವಂತೆ. ಅವಳು ಬೆಲ್ಲವನ್ನು ಮುಟ್ಟಲಿಲ್ಲ. ಲೋಟ ಎತ್ತಿ, ತುಟಿಗೆ ತಾಗಿಸದೆ, ಒಂದೇ ಗುಕ್ಕಿಗೆ ಕುಡಿದಳು. ಕಣ್ಣು ಮುಚ್ಚಿ, ಮೀಟರು ಅಂಕಿ ಹುಡುಕುವ ಹಾಗೆ, ನಾಲಿಗೆಯಲ್ಲಿ ರುಚಿ ಹುಡುಕಿದಳು.

ನನಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ಹೋರಾಡಿ ತಂದ ನೀರು ಮಾಲಿನಿ. ಹೇಗಿದೆ ಹೇಳು?"

ಮಾಲಿನಿ ತುಟಿ ಒರೆಸಿಕೊಂಡು ಲೋಟ ಕೆಳಗಿಟ್ಟಳು.

"ಸಪ್ಪೆ ಅಕ್ಕೋರೆ. ಮಣ್ಣಿದ್ದಾಗ್ಲಾದ್ರೂ ಒಂದು ನಮೂನಿ ರುಚಿ ಇದ್ದಿರ್ಬೇಕು."